ಮುಚ್ಚಳದ ಮೇಲಿನ ಅಕ್ಷರ

ಸ್ಟಿಕ್ಕರ್ ಅಂಟಿಸುವ ಕೆಲಸವನ್ನು ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಮಾಡಿದೆ. ಇದನ್ನು ಉದ್ಯೋಗವೆಂದು ಒಪ್ಪದವರು ನಮ್ಮ ಮನೆಯಲ್ಲೇ ಇದ್ದರು. ನನಗೆ ಹೆಣ್ಣು ನೋಡಲು ಹೋದಾಗ, ಹುಡುಗ ಎಂತ ಮಾಡುವುದು ಎಂದು ಹೆಣ್ಣಿನ ಕಡೆಯವರು ಕೇಳಿದ್ದಕ್ಕೆ ನನ್ನ ಸೋದರಮಾವ "ಕಾರಿನ ಲೈನಿನಲ್ಲಿದ್ದಾನೆ" ಎಂದು ಗಂಭೀರವಾಗಿ ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಇನ್ನೊಂದು ಲೋಟ ಕಾಫಿ ಕೇಳಿದರು. ಈಗ ಮಣಿಪಾಲದಲ್ಲಿ ಇದೇ ಕೆಲಸಕ್ಕೆ ಗಾಜಿನ ಬಾಗಿಲಿನ, ಏಸಿ ಹಾಕಿದ ಅಂಗಡಿಗಳಾಗಿವೆ. ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಯಾವ ಬ್ಲೇಡು ಒಳ್ಳೆಯದು, ಎಷ್ಟು ಬಿಸಿ ಕೊಡಬೇಕು ಎಂದು ವಿಚಾರಿಸುತ್ತಾರೆ. ಅದೆಲ್ಲ ರೋಲಿನ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಪೆಟ್ಟಿಗೆಯ ಮೇಲೆ ಬರೆಯದ ಸಂಗತಿ ಒಂದು ಉಂಟು. ಅದು ಬೇರೊಂದು ಕಡೆ ಬರೆದಿತ್ತು. ಅದನ್ನು ನಾನೇ ಮುಚ್ಚಿದೆ. ಆ ವೃತ್ತಾಂತವನ್ನು ಹೇಳಲಿಕ್ಕೆಂದೇ ಇಷ್ಟು ಕಾಗದ ಖರ್ಚು ಮಾಡುತ್ತಿದ್ದೇನೆ.

ನಾನು ಕಲಿತದ್ದು ಉದ್ಯಾವರದ ಹೆದ್ದಾರಿ ಬದಿಯ ಅಂಗಡಿಯಲ್ಲಿ, ವಾಸಣ್ಣನವರ ಕೈಕೆಳಗೆ. ಅವರು ಮೂಲತಃ ಅಕ್ಷರ ಬರೆಯುವವರು. ಬಸ್ಸಿನ ಹಣೆ, ಲಾರಿಯ ಬೆನ್ನು, ಮೀನಿನ ದೋಣಿಯ ಮೂತಿ, ಎಲ್ಲ ಕಡೆ ಅವರ ಕುಂಚ ಓಡಾಡಿತ್ತು. ನನ್ನ ಮೊದಲ ವರ್ಷಗಳೂ ಕುಂಚದಲ್ಲೇ ಕಳೆದವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸ್ಟಿಕ್ಕರಿನ ರೋಲು ಬಂತು. ಮೊದಲು ಅದನ್ನು ಕೈಯಲ್ಲೇ ಬ್ಲೇಡು ಹಿಡಿದು ಕೊಯ್ಯುತ್ತಿದ್ದೆವು. ಆಮೇಲೆ ಕಂಪ್ಯೂಟರಿಗೆ ಜೋಡಿಸಿ ಕೊಯ್ಯುವ ಯಂತ್ರ ಬಂತು. ಯಂತ್ರ ಬಂದ ದಿನ ವಾಸಣ್ಣ ಅದರ ಪಕ್ಕದಲ್ಲಿ ತಮ್ಮ ಹಳೆಯ ಕುಂಚಗಳ ಡಬ್ಬಿ ಇಟ್ಟು, ಎರಡಕ್ಕೂ ಸೇರಿ ಒಂದೇ ಊದುಬತ್ತಿ ಹಚ್ಚಿದರು. "ಒಂದಕ್ಕೆ ಸ್ವಾಗತ, ಒಂದಕ್ಕೆ ವಿದಾಯ. ಕಡ್ಡಿ ಎರಡು ಯಾಕೆ?" ಎಂದರು.

ಅವರ ಶಾಸ್ತ್ರದಲ್ಲಿ ಮೊದಲ ಸೂತ್ರ: ಅಂಚು ಕಾಣಬಾರದು. ಎಲ್ಲಿ ಸ್ಟಿಕ್ಕರ್ ಮುಗಿಯಿತು, ಎಲ್ಲಿ ವಸ್ತು ಶುರುವಾಯಿತು ಎಂದು ನೋಡುವವನಿಗೆ ಗೊತ್ತಾದರೆ ಅದು ಅಂಟಿಸಿದ್ದಲ್ಲ, ಮೆತ್ತಿದ್ದು. ಈ ಸೂತ್ರವನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ. ಎಷ್ಟು ಶ್ರದ್ಧೆಯೆಂಬುದು ಮುಂದೆ ತಿಳಿಯುತ್ತದೆ.

ಎರಡನೆಯ ಸೂತ್ರ ಹುಟ್ಟಿದ್ದು ಕಾಪುವಿನಲ್ಲಿ. ಆಗ ಕಾರಿನ ಹೊರಮೈಗೆ ಅಂಟಿಸಿದ್ದು ಸಾಲದೆ, ಬಾನೆಟ್ ಎತ್ತಿ ಒಳಗಿನ ಇಂಜಿನಿನ ಮುಚ್ಚಳಕ್ಕೆ, ಗಾಳಿ ಸೋಸುವ ಡಬ್ಬಿಗೆ, ಬ್ಯಾಟರಿಯ ಮೇಲೆ ಬಣ್ಣದ ಸ್ಟಿಕ್ಕರ್ ಹಾಕಿಸುವ ಶೋಕಿ ಶುರುವಾಗಿತ್ತು. ಮಣಿಪಾಲದ ಕಾಲೇಜು ಹುಡುಗರು ಅದನ್ನು ತಂದರು. ಗಲ್ಫಿನಿಂದ ರಜೆಯಲ್ಲಿ ಬರುವವರು ಅದನ್ನು ಬೆಳೆಸಿದರು. ವಾಸಣ್ಣ ಇದನ್ನು "ಕರುಳಿಗೆ ಪೌಡರ್ ಹಚ್ಚುವುದು" ಎಂದು ಕರೆಯುತ್ತಿದ್ದರು, ಆದರೆ ಬಂದವರನ್ನು ಹಿಂದೆ ಕಳಿಸುತ್ತಿರಲಿಲ್ಲ. ಮಣಿಪಾಲದ ಒಬ್ಬ ವಿದ್ಯಾರ್ಥಿಯ ಕಾರಿಗೆ ನಾನು ತೇಗದ ಮರದ ಡಿಸೈನಿನ ಸ್ಟಿಕ್ಕರ್ ಹಾಕಿದೆ. ಉತ್ಸಾಹದಲ್ಲಿ ಸೈಲೆನ್ಸರಿಗೆ ಹೋಗುವ ಕೊಳವೆಯ ಬಿಸಿ ತಡೆಯುವ ತಗಡಿಗೂ ಹಾಕಿದೆ. ಅವನೂ ಗೆಳೆಯರೂ ಕಾಪುವಿನ ದೀಪಸ್ತಂಭ ನೋಡಲು ಹೋಗಿದ್ದಾರೆ. ಕಡಲ ಬದಿಗೆ ಮುಟ್ಟುವಾಗ ಬಾನೆಟಿನ ಸಂದಿಯಿಂದ ಹೊಗೆ. ಗಾಬರಿಯಲ್ಲಿ ನಾಲ್ಕು ಜನ ಸೇರಿ ಇಂಜಿನಿಗೆ ದಂಡೆಯ ಮರಳು, ನಮ್ಮ ಮಾತಿನಲ್ಲಿ ಹೊಯ್ಗೆ, ಎರಚಿದ್ದಾರೆ. ಕಾಪುವಿನಲ್ಲಿ ಹೊಯ್ಗೆಗೆ ಬರಗಾಲವಿಲ್ಲ. ಹೊಗೆ ನಿಂತಿತು, ಇಂಜಿನೂ ನಿಂತಿತು.

ವಾಸಣ್ಣ ನನಗೆ ಬಯ್ಯಲಿಲ್ಲ. ಮರುದಿನ ಒಂದು ಕಾರನ್ನು ಸ್ಟಾರ್ಟ್ ಮಾಡಿಸಿ, ಒಂದು ಚಾ ಕುಡಿಯುವಷ್ಟು ಹೊತ್ತು ಬಿಟ್ಟು, ನನ್ನ ಕೈ ಹಿಡಿದು ಒಂದೊಂದೇ ಭಾಗಕ್ಕೆ ಮುಟ್ಟಿಸಿದರು. ತಗಡಿನ ಹತ್ತಿರ ಬಂದಾಗ ನಾನು ಕೈ ಎಳೆದುಕೊಂಡೆ.

"ಎಂತ ಆಯ್ತು?"

"ಸುಡ್ತದೆ, ಧಣಿ."

"ನಿನ್ನ ಕೈ ನಿಲ್ಲದ ಕಡೆ ಸ್ಟಿಕ್ಕರ್ ನಿಲ್ಲುದಿಲ್ಲ. ಇದಕ್ಕೆ ಇಂಜಿನಿಯರಿಂಗ್ ಓದ್ಲಿಕ್ಕೆ ಇಲ್ಲ."

ಈ ಪರೀಕ್ಷೆಯನ್ನು ನಾನು ಕೆಲಸದ ಕೊನೆಯ ದಿನದವರೆಗೂ ಬಿಡಲಿಲ್ಲ. ಬಿಸಿಯಿಂದ ಬರುವ ಅಪಾಯವನ್ನು ಕೈ ಹೇಳುತ್ತದೆ. ತಣ್ಣಗಿರುವ ಅಪಾಯವನ್ನು ಹೇಳುವವರು ಯಾರು? ಅದನ್ನು ವಾಸಣ್ಣನೂ ಯೋಚಿಸಿರಲಿಲ್ಲ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಶಿರ್ವದ ಫೆಲಿಕ್ಸ್ ಎಂಬವರು ಗಲ್ಫಿನಿಂದ ರಜೆಯಲ್ಲಿ ಬಂದು ಕಾರು ತಗೊಂಡಿದ್ದರು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು ವಾಡಿಕೆ. ನಾನೂ ಹಾಗೆಯೇ ಕರೆದೆ. ಅವರ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಗಲ್ಫಿನ ಕಾರಿನ ಪತ್ರಿಕೆಯಿಂದ ಹರಿದ ಒಂದು ಪುಟ. ಇನ್ನೊಂದು, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸುತ್ತಿ ತಂದ ಸ್ಟಿಕ್ಕರ್ ರೋಲು: ಕಪ್ಪು ಬಣ್ಣ, ಅದರೊಳಗೆ ಸಣ್ಣ ಚಾಪೆಯ ಹೆಣಿಗೆಯಂಥ ಮಿನುಗು. ಅಂಥದ್ದನ್ನು ನಾನು ಆವರೆಗೆ ಮುಟ್ಟಿರಲಿಲ್ಲ. ಸತ್ಯ ಹೇಳುವುದಾದರೆ, ಆ ರೋಲನ್ನು ಮೂಸಿ ನೋಡಿದೆ.

"ಈ ಫೋಟೋದಲ್ಲಿ ಉಂಟಲ್ವಾ, ಹೀಗೆಯೇ ಆಗ್ಬೇಕು. ಬಾನೆಟ್ ತೆಗೆದ್ರೆ ಎಲ್ಲ ಒಂದೇ ಬಣ್ಣ," ಎಂದರು.

ಎರಡು ದಿನ ಹಿಡಿಯಿತು. ಇಂಜಿನಿನ ಮುಚ್ಚಳ, ಗಾಳಿಯ ಡಬ್ಬಿ, ಫ್ಯೂಸಿನ ಪೆಟ್ಟಿಗೆ, ಎಲ್ಲ ಮುಗಿಸಿ ಹಿಂದೆ ಸರಿದು ನೋಡಿದರೆ, ಅಷ್ಟು ಕಪ್ಪಿನ ನಡುವೆ ಮೂರು ಬಿಳಿ ಪ್ಲಾಸ್ಟಿಕ್ ಡಬ್ಬಿಗಳು ಹಲ್ಲು ಕಿಸಿದು ಕೂತಿದ್ದವು. ಒಂದು ರೇಡಿಯೇಟರಿನ ನೀರಿಗೆ, ಒಂದು ಗಾಜು ತೊಳೆಯುವ ನೀರಿಗೆ, ಒಂದು ಬ್ರೇಕ್ ಆಯಿಲಿಗೆ. ಪೊರ್ಬುಗಳೂ ಅದನ್ನೇ ನೋಡುತ್ತಿದ್ದರು. "ಇದೊಂದು ಚಂದ ಇಲ್ಲ, ಅಲ್ವಾ?" ಎಂದರು. ನನಗೂ ಹಾಗೆಯೇ ಕಂಡಿತು. ಮೂರನ್ನೂ ಮುಟ್ಟಿ ನೋಡಿದೆ, ಕೈ ನಿಂತಿತು. ಶಾಸ್ತ್ರದ ಒಪ್ಪಿಗೆ ಸಿಕ್ಕಿತು.

ಬ್ರೇಕ್ ಆಯಿಲಿನ ಮುಚ್ಚಳ ಮಾತ್ರ ತೊಂದರೆ ಕೊಟ್ಟಿತು. ಅದರ ಮೇಲೆ ಅಚ್ಚಿನಲ್ಲೇ ಎಬ್ಬಿಸಿದ ಇಂಗ್ಲಿಷ್ ಅಕ್ಷರಗಳಿದ್ದವು. ಸ್ಟಿಕ್ಕರ್ ಎಳೆದು ಕೂರಿಸಿದರೆ ಅವು ಅಡಿಯಿಂದ ಗುಳ್ಳೆಗಳ ಹಾಗೆ ಎದ್ದು ತೋರುತ್ತಿದ್ದವು. ಅಕ್ಷರ ಬರೆಯುವವರಿಗೆ ಒಂದು ರೋಗ ಉಂಟು: ನಾವು ಅಕ್ಷರವನ್ನು ನೋಡುತ್ತೇವೆ, ಓದುವುದಿಲ್ಲ. ಅಕ್ಷರ ನೇರ ಇದೆಯೇ, ನಡುವಿನ ಜಾಗ ಸಮ ಇದೆಯೇ, ಅಷ್ಟೇ. ಸಾವಿನ ಸುದ್ದಿಯ ಬೋರ್ಡು ಬರೆದು ಮುಗಿಸಿ, ಯಾರು ಸತ್ತದ್ದು ಎಂದು ಪಕ್ಕದವನನ್ನು ಕೇಳಿದವನು ನಾನು. ಆ ಮುಚ್ಚಳದ ಅಕ್ಷರಗಳನ್ನೂ ನೋಡಿದೆ. ಸಾಧಾರಣ ಅಚ್ಚು, ನಡುವಿನ ಜಾಗ ಹೆಚ್ಚುಕಮ್ಮಿ. ಮನೆಯಿಂದ ತಂದಿದ್ದ ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಕೊಟ್ಟು ಒತ್ತಿದೆ. ಹೋಗಲಿಲ್ಲ. ಕೊನೆಗೆ ಮೇಲಿಂದ ಇನ್ನೊಂದು ಪದರ ಅಂಟಿಸಿದೆ. ಅಕ್ಷರ ಅಡಗಿತು. ಮೂರು ಡಬ್ಬಿಗಳೂ ತ್ರಿವಳಿಗಳಂತೆ ಕಂಡವು. ಶನಿವಾರ ಸಂಜೆ ಪೊರ್ಬುಗಳು ಕಾರು ತೆಗೆದುಕೊಂಡು ಹೋದರು. ವಾಸಣ್ಣ ಬಗ್ಗಿ ನೋಡಿ, ಎಂದೂ ಹೇಳದ ಒಂದು ಮಾತು ಹೇಳಿದರು: "ಅಂಚು ಕಾಣುದಿಲ್ಲ."

ಭಾನುವಾರ ಬೆಳಿಗ್ಗೆ ಅಂಗಡಿಯ ಎದುರಿನ ಹೋಟೆಲಿನಲ್ಲಿ ಮೆಕ್ಯಾನಿಕ್ ಹಮೀದ್ ಸಿಕ್ಕಿದ. ನಾವಿಬ್ಬರೂ ಒಂದೇ ಪ್ರಾಯ. ಅವನ ಗ್ಯಾರೇಜು ನಮ್ಮ ಹಿಂದೆಯೇ. ನಾನು ಸಹಜವಾಗಿ ನನ್ನ ಕೆಲಸದ ಗುಣಗಾನದಲ್ಲಿದ್ದೆ.

"ಮೂರು ಡಬ್ಬಿಯಲ್ಲಿ ಯಾವುದು ಯಾವುದು ಅಂತ ನಿನಗೂ ಗೊತ್ತಾಗ್ಲಿಕ್ಕಿಲ್ಲ ಮಾರಾಯ."

ಹಮೀದ್ ಗ್ಲಾಸು ಕೆಳಗಿಟ್ಟ. "ಯಾವ ಮೂರು?"

ಹೇಳಿದೆ.

"ಬ್ರೇಕ್ ಆಯಿಲಿನದ್ದೂ? ಒಳಗೆ ಎಷ್ಟು ಉಂಟು ಅಂತ ಹೊರಗಿಂದ ಕಾಣ್ಲಿಕ್ಕೇ ಅಲ್ವಾ ಅದನ್ನು ಬಿಳಿ ಮಾಡಿದ್ದು? ಮುಚ್ಚಳದ ಮೇಲೆ ಬರೆದದ್ದಾದ್ರೂ ಬಿಟ್ಟಿದ್ದೀಯಾ?"

"ಅದಕ್ಕೆ ಎರಡು ಪದರ ಹಾಕಿದೆ."

ಅವನು ಎದ್ದು ನಿಂತ. "ಆ ಪೊರ್ಬುಗಳಿಗೆ ಇಂಜಿನಿನ ವಿಷಯ ಗೊತ್ತುಂಟಾ?"

ಗೊತ್ತಿರಲಿಲ್ಲ. ಗಲ್ಫಿನಲ್ಲಿ ಪೆಟ್ರೋಲ್ ಬಂಕಿನವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದು ಅವರೇ ಹೇಳಿದ್ದರು. ಕಾರು ಒಯ್ಯುವಾಗ ಇನ್ನೊಂದು ಮಾತನ್ನೂ ಹೇಳಿದ್ದರು. ಅದು ಈಗ ನೆನಪಾಯಿತು. "ನಾಳೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮನೆಯವರನ್ನೆಲ್ಲ ಘಾಟಿಯ ಮೇಲೆ ಕುದುರೆಮುಖಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಉಂಟು."

ಪಕ್ಕದ ಎಸ್‌ಟಿಡಿ ಬೂತಿನಿಂದ ಶಿರ್ವದ ಮನೆಗೆ ಫೋನ್ ಮಾಡಿದೆ. ಮೊಬೈಲ್ ಆಗ ಎಲ್ಲರ ಕೈಗೆ ಬಂದಿರಲಿಲ್ಲ. ಫೋನ್ ಎತ್ತಿದವರು ಅವರ ತಾಯಿ.

"ಅವರು ಹೋಗಿ ಆಯ್ತಲ್ಲ. ನನಗೆ ಘಾಟಿಯಲ್ಲಿ ವಾಂತಿ ಬರ್ತದೆ, ನಾನು ಹೋಗ್ಲಿಲ್ಲ. ನೀವು ಯಾರು?"

"ಸ್ಟಿಕ್ಕರಿನವ, ಬಾಯಮ್ಮ. ಹೋಗುವ ಮೊದಲು ಕಾರಿಗೆ ನೀರು-ಗೀರು ಹಾಕಿದ್ರಾ?"

"ಹಾಕದೆ? ದೂರ ಹೋಗುದಲ್ವಾ. ಮಗ ಚೊಂಬು ಹಿಡ್ಕೊಂಡು ಎಲ್ಲ ಡಬ್ಬಿಗೂ ಹಾಕಿದ್ದಾನೆ. ನಾನೇ ನೋಡಿದ್ದೇನೆ."

ಎಲ್ಲ ಡಬ್ಬಿಗೂ. ಓಡಿ ಬಂದು ಈ ಎರಡು ಪದಗಳನ್ನು ಹಮೀದನಿಗೆ ಹೇಳಿದೆ. ಅವನು ಆಗಲೇ ಬೈಕಿನ ಕೀಲಿ ತೆಗೆದಿದ್ದ. ಗ್ಯಾರೇಜಿನಿಂದ ಹೊಸ ಬ್ರೇಕ್ ಆಯಿಲಿನ ಒಂದು ಬಾಟಲಿ, ನಾಲ್ಕು ಸ್ಪ್ಯಾನರು ತಂದು ನನ್ನ ಕೈಗೆ ಕೊಟ್ಟ. ಬಾಟಲಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಕೂತೆ.

ಕಟಪಾಡಿಯಲ್ಲಿ ಒಳರಸ್ತೆಗೆ ತಿರುಗಿದ ಮೇಲೆ ಹಮೀದ್ ಗಾಳಿಯಲ್ಲಿ ಕಿರುಚಿ ವಿವರಿಸಿದ. ಬ್ರೇಕ್ ಆಯಿಲಿಗೆ ನೀರು ಸೇರಿದರೆ ಸಮ ರಸ್ತೆಯಲ್ಲಿ ಎಂತದೂ ಗೊತ್ತಾಗುವುದಿಲ್ಲ. ಘಾಟಿ ಏರುವಾಗಲೂ ಆಗಲಿಕ್ಕಿಲ್ಲ. ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬಿಸಿಯಾಗಿ ನೀರು ಕುದಿಯುತ್ತದೆ, ಆವಿಯಾಗುತ್ತದೆ. ಆಗ ಪೆಡಲು ಒತ್ತಿದರೆ ಕಾಲು ಸೀದಾ ಕೆಳಗೆ ಹೋಗುತ್ತದೆ. ಇಷ್ಟು ಹೇಳಿ ಅವನು ಸುಮ್ಮನಾದ. ಅವನು ಕಿರುಚುತ್ತಿದ್ದಾಗಲೇ ನನಗೆ ಹೆಚ್ಚು ಸಮಾಧಾನವಿತ್ತು.

ಕಾರಿನಲ್ಲಿ ಯಾರು ಯಾರು ಇರಬಹುದೆಂದು ಲೆಕ್ಕ ಹಾಕಿದೆ. ಪೊರ್ಬುಗಳು, ಅವರ ಹೆಂಡತಿ, ಮತ್ತೆ ಇಬ್ಬರು ಹೆಣ್ಣುಮಕ್ಕಳು ಎಂದು ಅವರು ಹೇಳಿದ್ದು. ನನಗೆ ಗೊತ್ತಿದ್ದ ಎಲ್ಲ ದೈವಗಳಿಗೂ ಹೇಳಿಕೊಂಡೆ. ಶಿರ್ವದಲ್ಲಿ ಇಗರ್ಜಿಯ ಎದುರು ಹೋಗುವಾಗ, ಇದು ಇವರ ಇಲಾಖೆಯಲ್ಲವೇ ಎಂದುಕೊಂಡು ಅಲ್ಲಿಯೂ ಕೈ ಮುಗಿದೆ.

ಬೆಳ್ಮಣ್ಣಿನಲ್ಲಿ ಒಂದು ಗೂಡಂಗಡಿಯ ಎದುರು ನಿಲ್ಲಿಸಿ ಹಮೀದ್ ಕೇಳಿದ: "ಹೊಸ ಬೆಳ್ಳಿ ಬಣ್ಣದ ಕಾರು, ಫ್ಯಾಮಿಲಿ, ಹೋದದ್ದು ಕಂಡಿದ್ದೀರಾ?"

"ಓ, ಇಂಜಿನು ತೋರಿಸಿದ ಪೊರ್ಬುಗಳಾ?" ಅಂಗಡಿಯವನು ಎದ್ದು ಬಂದ. "ಇಲ್ಲೇ ನಿಲ್ಲಿಸಿದ್ರು. ಬಾನೆಟ್ ತೆಗೆದು ಎಲ್ಲರಿಗೂ ತೋರಿಸಿದ್ರು. ಒಳ್ಳೆ ಕೆಲಸ. ಯಾರಂತೆ ಮಾಡಿದ್ದು?"

ನನ್ನ ಜೀವನದಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿ ನಾನು ಉತ್ತರಿಸದೆ ಹೋದದ್ದು ಅದೊಂದೇ ಸಲ. ಹೋಗಿ ಎಷ್ಟು ಹೊತ್ತಾಯಿತೆಂದು ಹಮೀದ್ ಕೇಳಿದ. ಒಂದು ಗಂಟೆ ಎಂದ.

ಒಂದು ಗಂಟೆಯಲ್ಲಿ ಅವರು ಘಾಟಿಯ ಬುಡದಲ್ಲಿರಬಹುದು. ಆದರೆ ಕಾರ್ಕಳದಲ್ಲಿ ಪೆಟ್ರೋಲ್ ಬಂಕಿನ ಹುಡುಗ ಹೇಳಿದ್ದು ಬೇರೆ: ಇಲ್ಲೂ ಬಾನೆಟ್ ತೆಗೆದರು, ಇಬ್ಬರು ಜೀಪಿನ ಡ್ರೈವರುಗಳು ಇಳಿದು ಬಂದು ನೋಡಿದರು, ಹೋಗಿ ಅರ್ಧ ಗಂಟೆ ಆಗಿಲ್ಲ. ಹಮೀದ್ ಬೈಕಿನ ಕಿವಿ ಹಿಂಡಿದ. "ಪೊರ್ಬುಗಳಿಗೆ ಇನ್ನೆರಡು ಕಡೆ ಜನ ಸಿಕ್ಕಲಿ ಮಾರಾಯ," ಎಂದ. ಹಿಂದೆ ಕೂತ ನಾನು ಅದನ್ನೇ ಬೇಡುತ್ತಿದ್ದೆ. ಯಾವ ಜಂಬಕ್ಕೆ ನಾನು ಎರಡು ದಿನ ಬೆನ್ನು ಬಗ್ಗಿಸಿದ್ದೆನೋ ಅದೇ ಜಂಬ ಈಗ ನಾಲ್ಕು ಜೀವಗಳನ್ನು ತಡೆದು ನಿಲ್ಲಿಸಬೇಕಿತ್ತು.

ಬಜಗೋಳಿಯ ಜಂಕ್ಷನ್ನಿನಲ್ಲಿ ಹೋಟೆಲಿನ ಎದುರು ಕಾರು ನಿಂತಿತ್ತು. ಬಾನೆಟ್ ಮೇಲಿತ್ತು. ಸುತ್ತ ಏಳೆಂಟು ಜನ.

ಬೈಕಿನಿಂದ ಇಳಿದು ಕಾರಿನ ಹತ್ತಿರ ಓಡಿದೆ. ಫೆಲಿಕ್ಸ್ ಪೊರ್ಬುಗಳು ನನ್ನನ್ನು ಕಂಡು ಮುಖವರಳಿಸಿದರು. "ಓ, ಇವರೇ ಬಂದ್ರಲ್ಲ. ಇವರೇ ಮಾಡಿದ್ದು ಇದನ್ನು," ಎಂದು ಜನರ ಕಡೆ ತಿರುಗಿದರು. ಒಬ್ಬ ಮುದುಕರು ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ನನಗೆ ತಲೆ ತೂಗಿದರು. ಅಂಥ ಸನ್ಮಾನ ನನಗೆ ಮೊದಲೂ ಆಗಿಲ್ಲ, ಮತ್ತೆಯೂ ಆಗಿಲ್ಲ.

ನಾನು ಬಗ್ಗಿ ನೋಡಿದೆ. ಮೊದಲು ಕಂಡದ್ದು ಅಂಚು. ಮೂರನೆಯ ಡಬ್ಬಿಯ ಕುತ್ತಿಗೆಯಲ್ಲಿ ನನ್ನ ಸ್ಟಿಕ್ಕರಿನ ಅಂಚು ಎದ್ದು ಸುರುಳಿಯಾಗಿತ್ತು. ಆ ಗಳಿಗೆಯಲ್ಲೂ ನನಗೆ ಮೊದಲು ಬಂದದ್ದು ನಾಚಿಕೆ, ಭಯವಲ್ಲ. ಹಮೀದ್ ಕಿವಿಯಲ್ಲಿ ಹೇಳಿದ: "ಬ್ರೇಕ್ ಆಯಿಲು ಗೋಂದನ್ನು ತಿನ್ನುತ್ತದೆ. ತುಂಬಿ ಚೆಲ್ಲಿದೆ."

"ಪೊರ್ಬುಗಳೇ, ಈ ಡಬ್ಬಿಗೂ ನೀರು ಹಾಕಿದ್ರಾ?"

"ಹಾಕಿದ್ದೇನೆ. ಸ್ವಲ್ಪವೇ ಹಿಡೀತು. ಉಳಿದದ್ದು ಹೊರಗೆ ಹೋಯ್ತು. ಎಂತಕ್ಕೆ?"

ಹಮೀದ್ ಹೇಳಿದ. ಚಿಕ್ಕ ಮಾತಿನಲ್ಲಿ, ಸ್ವರ ಏರಿಸದೆ. ಪೊರ್ಬುಗಳ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಮೊದಲು ಅವರು ನಂಬಲಿಲ್ಲ. "ಇಲ್ಲಿವರೆಗೆ ಬ್ರೇಕ್ ಸರಿಯೇ ಹಿಡಿದಿದೆಯಲ್ಲ?" ಎಂದರು. ಜನರಲ್ಲಿ ಒಬ್ಬ ಜೀಪಿನ ಡ್ರೈವರು, "ಇಲ್ಲಿವರೆಗೆ ಹಿಡೀತದೆ ಸಾರ್. ಮೇಲಿಂದ ಇಳಿಯುವಾಗ ಹಿಡಿಯುದಿಲ್ಲ. ನಾನು ಅಲ್ಲಿ ದಿನಾ ಹೋಗುವವ," ಎಂದ. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಡಬ್ಬಿ ಗುರುತು ಸಿಗುವ ಹಾಗೆ ಮಾಡ್ಬಾರ್ದಾ? ನಾನು ಹೇಳಿದೆ ಅಂತ ನೀವು ಮಾಡುದಾ? ಗೊತ್ತಿದ್ದವರು ಯಾರು, ನಾನಾ ನೀವಾ?"

ನನಗೂ ಗೊತ್ತಿರಲಿಲ್ಲ. ಅದನ್ನು ಹೇಳುವ ಬದಲು ಜೇಬಿನಿಂದ ಬ್ಲೇಡು ತೆಗೆದೆ. ಅಷ್ಟು ಜನರ ಎದುರು ನನ್ನ ಅತ್ಯುತ್ತಮ ಕೆಲಸವನ್ನು ನಾನೇ ಕೀಳಲು ತೊಡಗಿದೆ. ಡಬ್ಬಿಯದ್ದು ಸುಲಭವಾಗಿ ಬಂತು. ಮುಚ್ಚಳದ್ದು ಬರಲಿಲ್ಲ, ಎರಡು ಪದರ, ಒಳ್ಳೆಯ ಬಿಸಿ ಕೊಟ್ಟು ಕೂರಿಸಿದ್ದು. ಉಗುರಿನಿಂದ ಕೆರೆದು ಕೆರೆದು ಮೇಲಿನದ್ದು ತೆಗೆದೆ, ಮತ್ತೆ ಅಡಿಯದ್ದು. ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು.

ಹೋಟೆಲಿನ ಒಳಗಿಂದ ಪೊರ್ಬುಗಳ ಹೆಂಡತಿ ಲೀನಾ ಬಂದು ನಮ್ಮ ನಡುವೆ ನಿಂತಿದ್ದರು. ಅವರು ಶಿರ್ವದಲ್ಲಿ ಟೀಚರು. ಎಂತ ಆಯಿತೆಂದು ಗಂಡನನ್ನು ಕೊಂಕಣಿಯಲ್ಲಿ ಕೇಳಿ ತಿಳಿದುಕೊಂಡರು. ಬಗ್ಗಿ, ಆ ಮುಚ್ಚಳದ ಮೇಲಿನದ್ದನ್ನು ತರಗತಿಯಲ್ಲಿ ಓದುವ ಹಾಗೆ ಓದಿ, ನಮಗೆಲ್ಲ ತಿಳಿಯಲೆಂದು ಕನ್ನಡದಲ್ಲಿಯೂ ಹೇಳಿದರು: ತೆರೆಯುವ ಮೊದಲು ಮುಚ್ಚಳವನ್ನು ಒರೆಸಬೇಕು. ಬ್ರೇಕ್ ಆಯಿಲನ್ನು ಮಾತ್ರ ಹಾಕಬೇಕು.

ಮತ್ತೆ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ.

"ಬರೆದಿದ್ದಾರಲ್ಲ," ಎಂದರು. "ಬಿಟ್ಟಿದ್ರೆ ನಾವು ಓದ್ತಿದ್ದೆವು."

ಅಕ್ಷರದಿಂದಲೇ ಅನ್ನ ತಿಂದವನಿಗೆ ಇದಕ್ಕಿಂತ ದೊಡ್ಡ ಏಟು ಯಾವ ಧಣಿಯೂ ಕೊಡಲಾರ.

ಹಮೀದ್ ಕಾರನ್ನು ಸಮ ರಸ್ತೆಯಲ್ಲೇ ನಿಧಾನವಾಗಿ ಕಾರ್ಕಳಕ್ಕೆ ಒಯ್ದು, ಒಂದು ಗ್ಯಾರೇಜಿನಲ್ಲಿ ಹಳೆಯದನ್ನೆಲ್ಲ ಬಸಿದು, ನಾಲ್ಕು ಚಕ್ರದವರೆಗೂ ಹೊಸ ಆಯಿಲು ಹರಿಸಿದ. ಸಂಜೆಯಾಯಿತು. ಪೊರ್ಬುಗಳ ಕುಟುಂಬ ಬಸ್ಸಿನಲ್ಲಿ ಮನೆಗೆ ಹೋಯಿತು. ಹತ್ತುವಾಗ ಅವರು ನನ್ನ ಕಡೆ ನೋಡಲಿಲ್ಲ.

ಸೋಮವಾರ ವಾಸಣ್ಣನಿಗೆ ಎಲ್ಲ ಹೇಳಿದೆ. "ಅಂಚು ಕಾಣಬಾರದು ಅಂತ ಕಲಿಸಿದ್ದು ನಾನು," ಎಂದರು. ಆಮೇಲೆ ಎದ್ದು, ಅಂದು ಊದುಬತ್ತಿ ಹಚ್ಚಿ ಅಟ್ಟಕ್ಕೇರಿಸಿದ್ದ ಕುಂಚದ ಡಬ್ಬಿ ಇಳಿಸಿ, ಒಂದು ಹಲಗೆಯನ್ನು ನನ್ನ ಮುಂದಿಟ್ಟರು. ನಾನು ಬರೆದೆ: 'ಓದಲಿಕ್ಕೆ ಇರುವುದನ್ನು ನಮ್ಮಲ್ಲಿ ಮುಚ್ಚುವುದಿಲ್ಲ.' ಗಿರಾಕಿಗಳು ಅದನ್ನು ಯಾವುದೋ ಗ್ರಂಥಾಲಯದ ಬೋರ್ಡೆಂದು ತಿಳಿದರು. ಬರೆದು ಮುಗಿಸಿ, ಆ ಹಲಗೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದು ಅಭ್ಯಾಸವಾಯಿತು. ಬ್ಲೇಡು ಎತ್ತುವ ಮೊದಲು ಬಾನೆಟಿನ ಒಳಗಿರುವ ಪ್ರತಿಯೊಂದು ಅಕ್ಷರವನ್ನೂ ಗಟ್ಟಿಯಾಗಿ ಓದುವುದು. ಅರ್ಥವಾಗದ್ದನ್ನು ಹಮೀದನನ್ನು ಕರೆದು ಕೇಳುವುದು. ನೀವೂ ಹಾಗೆ ಮಾಡಿ. ಜನ ನಗುತ್ತಾರೆ, ನಗಲಿ.

ತಿಂಗಳು ಕಳೆಯಿತು. ಆ ತಿಂಗಳಿಡೀ, ಬೆಳ್ಳಿ ಬಣ್ಣದ ಕಾರು ಹೆದ್ದಾರಿಯಲ್ಲಿ ಹೋದಾಗಲೆಲ್ಲ ನಾನು ಕೆಲಸ ಬಿಟ್ಟು ತಲೆ ಎತ್ತುತ್ತಿದ್ದೆ. ಪೊರ್ಬುಗಳು ಬಂದು ಬಯ್ಯುವರೆಂಬ ಹೆದರಿಕೆ ಒಂದು. ಹಮೀದ್ ಬಸಿದದ್ದರಲ್ಲಿ ಒಂದು ಹನಿ ಎಲ್ಲಾದರೂ ಉಳಿದಿದ್ದರೆ ಎಂಬ ಹೆದರಿಕೆ ಇನ್ನೊಂದು. ಎರಡನೆಯದು ರಾತ್ರಿಯೂ ಇರುತ್ತಿತ್ತು.

ಒಂದು ಬೆಳಿಗ್ಗೆ ಕಾರು ನಮ್ಮ ಅಂಗಡಿಯ ಎದುರೇ ನಿಂತಿತು. ಪೊರ್ಬುಗಳು ಇಳಿದು ಬಾನೆಟ್ ಎತ್ತಿದರು. ಎಲ್ಲ ಕಪ್ಪು, ಮಿನುಗು ಹಾಗೆಯೇ ಇತ್ತು. ನಡುವೆ ಒಂದು ಬಿಳಿ ಡಬ್ಬಿ.

"ಇಗರ್ಜಿಯ ಹತ್ತಿರ ನಿಲ್ಲಿಸಿದ್ರೆ ಎಲ್ಲರೂ ಅದನ್ನೇ ಕೇಳುದು," ಎಂದರು. "ಇದೊಂದು ಯಾಕೆ ಬಿಟ್ಟದ್ದು ಅಂತ."

ನಾನು ಬ್ಲೇಡನ್ನು ಮೇಜಿನ ಮೇಲೆ ಇಟ್ಟೆ. "ಅದನ್ನು ನಾನು ಮುಚ್ಚುದಿಲ್ಲ ಪೊರ್ಬುಗಳೇ. ನೀವು ಎಂತ ಹೇಳಿದ್ರೂ."

"ಮುಚ್ಚಿ ಅಂತ ಯಾರು ಹೇಳಿದ್ದು? ನಾನು ಅವರಿಗೆ ಕಥೆ ಹೇಳ್ತೇನೆ. ಕೇಳಿದವರು ಸೀದಾ ಹೋಗಿ ತಮ್ಮ ಕಾರಿನ ಬಾನೆಟ್ ತೆಗೆದು ನೋಡ್ತಾರೆ." ಅವರು ಬಾನೆಟ್ ಇಳಿಸಿದರು. "ಬಾಗಿಲಿಗೆ ಒಂದು ಗೆರೆ ಹಾಕ್ಲಿಕ್ಕೆ ಉಂಟು. ಅದಕ್ಕೆ ಬಂದದ್ದು."

ಮುಂದಿನ ಸೀಟಿನಲ್ಲಿ ಲೀನಾ ಟೀಚರು ಕೂತಿದ್ದರು. ಕೇಳಲೋ ಬೇಡವೋ ಎಂದು ಯೋಚಿಸಿ, ಕಿಟಕಿಯ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ: "ಕುದುರೆಮುಖ ಮತ್ತೆ ಹೋಗ್ಲಿಕ್ಕೆ ಆಗ್ಲಿಲ್ಲ, ಅಲ್ವಾ ಟೀಚರೇ?"

"ಮೊನ್ನೆ ಇದೇ ಕಾರಿನಲ್ಲಿ ಹೋಗಿ ಬಂದೆವಲ್ಲ," ಎಂದರು ಅವರು. "ಮೇಲೆ ಪೂರಾ ಮಂಜು. ಎಂತದೂ ಕಾಣ್ಲಿಲ್ಲ."